ಬೆಳ್ಳಿ ಬಣ್ಣದ್ದು, ಕಸಾಮಾಕ್ಕೆ

ಕೀಲಿ ತಿರುಗಿಸಿದರೆ ಸಾಕು, ಡ್ಯಾಶ್‌ಬೋರ್ಡಿನೊಳಗಿಂದ
ಒಬ್ಬ ಹೆಂಗಸು ಜಪಾನಿಯಲ್ಲಿ ಏನೋ ಹೇಳುತ್ತಾಳೆ.
ಬಹಳ ಮರ್ಯಾದೆಯ ದನಿ.
ಹನ್ನೊಂದು ವರ್ಷದಿಂದ ಕೇಳುತ್ತಿದ್ದೇನೆ,
ನೂರಾರು ಗಾಡಿ, ಅದೇ ಹೆಂಗಸು, ಅದೇ ಮಾತು.

ದಾರ್ ಎಸ್ ಸಲಾಮಿನ ಬಂದರಲ್ಲಿ ಹಡಗು ಬಾಯಿ ತೆರೆದಾಗ
ನಾವು ಹದಿನಾರು ಜನ ಸಾಲಾಗಿ ನಿಂತಿರುತ್ತೇವೆ,
ಜೇಬಿನಲ್ಲಿ ಬೇರೆಯವರ ಹೆಸರಿನ ಕಾಗದ.
ನನ್ನ ಹೆಸರು ಅಂಬಾಕಿಸ್ಯೆ, ಊರು ಟುಕುಯು,
ಸ್ವಂತದ್ದು ಒಂದು ಸೈಕಲ್ಲೂ ಇಲ್ಲ.
ದುಃಖಕ್ಕೆ ಹೇಳಿದ್ದಲ್ಲ. ಸೂಲಗಿತ್ತಿ
ಎತ್ತಿದ ಕೂಸನ್ನೆಲ್ಲ ಮನೆಗೆ ಒಯ್ಯುವಳೇ?

ಈ ಸಲದ್ದು ಪುಟ್ಟ ವಿಟ್ಸ್.
ಹಿಂದಿನ ಗಾಜಿನ ಮೇಲೆ ಯಾವುದೋ ಶಿಶುವಿಹಾರದ ಚೀಟಿ,
ಸೀಟಿನ ಸಂದಿಯಲ್ಲಿ ಕೂದಲಿಗೆ ಸಿಕ್ಕಿಸುವ ಕೆಂಪು ಕ್ಲಿಪ್ಪು.
ಅದರ ರೇಡಿಯೋಗೆ ತೊಂಬತ್ತರ ಆಚೆ ಎಣಿಸಲು ಬರುವುದಿಲ್ಲ,
ನಮ್ಮ ಹಾಡೆಲ್ಲ ತೊಂಬತ್ತರ ಆಚೆಯೇ.
ಹಾಗಾಗಿ ಮಿಕುಮಿಯ ಕಾಡು ದಾಟುವಾಗ
ಜಿರಾಫೆಗಳ ನಡುವೆ ನಾನೂ ಮೌನಿ.

ಲೆಕ್ಕ ಕೇಳಿ.
ಅಲ್ಲಿ ಹರಾಜಿನಲ್ಲಿ ಕೊಟ್ಟದ್ದು ಒಂದು ಹಸುವಿನ ಬೆಲೆ.
ಸಮುದ್ರ ದಾಟಿಸಿದ ಕೂಲಿ ಎರಡು ಹಸು.
ಗಡಿಯಲ್ಲಿ ಸುಂಕ, ಗಾಡಿಗೆ ವಯಸ್ಸಾಗಿದೆಯೆಂದು
ಸುಂಕದ ಮೇಲೊಂದು ಸುಂಕ
(ಮುಪ್ಪಿಗೂ ಕಂದಾಯವಿದೆ, ಕರುಣೆಯೊಂದಕ್ಕೇ ವಿನಾಯಿತಿ)
ಅಲ್ಲಿಗೆ ಕೊಟ್ಟಿಗೆ ಖಾಲಿ.
ಆದರೂ ಲುಸಾಕಾದ ಹೊಸ ಕಾರಿನ ಅಂಗಡಿಯಲ್ಲಿ
ಇದೇ ದುಡ್ಡಿಗೆ ನಾಲ್ಕು ಚಕ್ರ ಬಂದಾವು,
ಗಾಡಿ ಬರುವುದಿಲ್ಲ.

ತುಂಡುಮಾ. ಕಣ್ಣು ಹಾಯುವಷ್ಟೂ ಲಾರಿ.
ಎರಡು ರಾತ್ರಿ ಸ್ಟಿಯರಿಂಗಿಗೆ ತಲೆಯಿಟ್ಟು ನಿದ್ದೆ.
ಸುಂಕದವನ ಮುಂದೆ ಸುಖದುಃಖ ಹೇಳಬಾರದು.
ಹೇಳಲಿಲ್ಲ. ಅವನೇ ಹೇಳಿದ.
ಮುದ್ರೆ ಎತ್ತಿದ ಕೈ ಗಾಳಿಯಲ್ಲೇ ನಿಂತು,
"ಇದೇ ಬಣ್ಣದ್ದು ನನ್ನ ಹತ್ತಿರವೂ ಇತ್ತು.
ಹೆಂಡತಿ ಹೋಗುವಾಗ ಅದರಲ್ಲೇ ಹೋದಳು."
ನಾನೇನು ಹೇಳಲಿ.
"ಬೆಳ್ಳಿ ಬಣ್ಣ ಧೂಳು ತೋರಿಸುವುದಿಲ್ಲ" ಅಂದೆ.
ಬಹಳ ಹೊತ್ತು ಯೋಚಿಸಿ ಹೌದೆಂದ.
ಮುದ್ರೆ ಬಿತ್ತು.
ಒಂದು ಕ್ವಾಚಾ ಕಮ್ಮಿ ಮಾಡಲಿಲ್ಲ.

ಆ ಹೆಂಗಸಿನ ಮಾತು ನನಗೆ ಅರ್ಥವಾಗಿ ಈಗ ಮೂರು ವರ್ಷ.
ಮ್ಬೆಯಾದಲ್ಲಿ ರಸ್ತೆ ಅಳೆಯಲು ಬಂದಿದ್ದ ಜಪಾನಿ ಮುದುಕ
ನನ್ನ ಪಕ್ಕ ಕೂತವನು ತಟ್ಟನೆ ನಕ್ಕುಬಿಟ್ಟಿದ್ದ.
"ಕಾರ್ಡು ಹಾಕಿಲ್ಲ" ಅನ್ನುತ್ತಾಳಂತೆ.
ಅವರ ಹೆದ್ದಾರಿಯಲ್ಲಿ ಸುಂಕದ ಗೇಟು ತಾನೇ ತೆರೆಯಲು
ಒಂದು ಕಾರ್ಡು ಬೇಕಂತೆ.
ಇಷ್ಟೇ. ಅವಳೂ ಸುಂಕದವಳೇ.
ಗಿರಾಕಿಗಳಿಗೆ ಮಾತ್ರ ಹೇಳಿಲ್ಲ.
ಬೇಕರಿಯವನಿಗೆ "ಸ್ವಾಗತ" ಅಂತಾಳೆ ಅಂದೆ,
ಅವಸರದವನಿಗೆ "ಬೆಲ್ಟು ಹಾಕಿ",
ಒಬ್ಬ ಪಾದ್ರಿಗೆ "ದೇವರು ಕಾಯಲಿ".

ಕಸಾಮಾದಲ್ಲಿ ಮುಕುಕಾ ಟೀಚರ್ ಗಾಡಿಯನ್ನು
ಮೂರು ಸುತ್ತು ಬಂದರು,
ತಿರುಗಿ ಬಂದು ಒಂದು ಚಕ್ರವನ್ನು ಚಪ್ಪಲಿಯಿಂದ ಮೆಲ್ಲಗೆ ಒದ್ದರು.
ಆರು ವರ್ಷದ ಸಂಬಳದ ಚೂರು,
ತಮ್ಮನ ಪಾಲಿನ ಜೋಳದ ಹೊಲ.
ಒಳಗೆ ಕೂತು ಕೀಲಿ ತಿರುಗಿಸಿದರು. ಅವಳು ಹೇಳಿದಳು.
ನಾನು ಸುಳ್ಳು ಹುಡುಕುವಷ್ಟರಲ್ಲಿ ಟೀಚರೇ,
"ಏನನ್ನೋ ತಂದಿಲ್ಲ ಅಂತಿದ್ದಾಳೆ, ಅಲ್ಲವಾ?
ಪುಸ್ತಕ ಬಿಟ್ಟು ಬಂದ ಹುಡುಗರಿಗೆ
ದಿನಾ ಹೀಗೇ ಹೇಳೋದು, ಇದೇ ದನಿ.
ಬೈದರೆ ನಾಳೆ ಅವರೂ ಬರೋದಿಲ್ಲ."

ವಾಪಸು ಬಸ್ಸು ರಾತ್ರಿ ಒಂಬತ್ತಕ್ಕೆ.
ಡ್ರೈವರು ಕೀಲಿ ತಿರುಗಿಸಿದ.
ಯಾರೂ ಏನೂ ಹೇಳಲಿಲ್ಲ.
ಏನೋ ಮರೆತು ಬಂದವನಂತೆ ಜೇಬು ತಡವಿಕೊಂಡೆ,
ಬೆರಳಿಗೆ ಸಿಕ್ಕಿದ್ದು ಆ ಕೆಂಪು ಕ್ಲಿಪ್ಪು.
ಎರಡು ದೇಶ ದಾಟಿಸಿದ್ದೇನೆ,
ಇದಕ್ಕೆ ಸುಂಕ ಕಟ್ಟಿಲ್ಲ.