ಹೆಸರಿನ ಪಟ್ಟಿ

ಮಾತು ಎತ್ತಬೇಕೆಂದೇ ಬಂದಿದ್ದೆ.
ಮಾಸ್ಟ್ರಿಕ್ಟಿನಿಂದ ರೈಲು, ಆಮೇಲೆ ಬಸ್ಸು,
ಆಮೇಲೆ ಮಾಸ್ ನದಿಯ ಅಂಚಿನಲ್ಲಿ ಹತ್ತು ನಿಮಿಷ ನಡಿಗೆ.
ಚೀಲದಲ್ಲಿ ಸೇಬಿನ ಕೇಕು,
ಕೇಕಿನ ಕೆಳಗೆ ಹೊಳಪು ಕಾಗದದ ಪುಸ್ತಿಕೆ,
ಮುಖಪುಟದಲ್ಲಿ ನಗುವ ಅಜ್ಜಿ, ಯಾರ ಅಜ್ಜಿಯೋ.

ದೋಣಿಗೂ ದಡಕ್ಕೂ ನಡುವೆ ಒಂದೇ ಹಲಗೆ.
ಅಮ್ಮ ಮಾರ್ಚಿನಲ್ಲಿ ಬಿದ್ದದ್ದು ಅಲ್ಲೇ.
ಹಲಗೆಗೆ ಅಪ್ಪ ಈಗ ಮರಳುಕಾಗದ ಅಂಟಿಸಿದ್ದಾನೆ.
ಆಯಿತಲ್ಲ, ಎನ್ನುತ್ತಾನೆ, ಮುಗಿಯಿತಲ್ಲ.

ಐವತ್ತೊಂದು ವರ್ಷ ಈ 'ತಾಳ್ಮೆ'ಯಲ್ಲಿ
(ದೋಣಿಯ ಹೆಸರದು, ಅಪ್ಪನ ಗುಣವಲ್ಲ)
ಮೇಲಕ್ಕೆ ಕಲ್ಲಿದ್ದಲು, ಕೆಳಕ್ಕೆ ಜಲ್ಲಿ.
ಈಗ ದೋಣಿಯ ಹೊಟ್ಟೆ ಖಾಲಿ, ಎಂಜಿನ್ನು ತಣ್ಣಗೆ.
ಆದರೂ ಬೆಳಗ್ಗೆ ಐದಕ್ಕೆದ್ದು
ವಾಯುಭಾರದ ಗಾಜು ತಟ್ಟಿ ಓದುತ್ತಾನೆ,
ಎಲ್ಲಿಗೂ ಹೋಗದ ದಿನಕ್ಕೆ.

ಕೇಕು ಕತ್ತರಿಸಿದ ಮೇಲೆ ಹೇಳಿದೆ.
ರೈಲಿನುದ್ದಕ್ಕೂ ಬಾಯಿಪಾಠ ಮಾಡಿದ್ದೆಲ್ಲ ತಲೆಕೆಳಗಾಗಿ
"ಅಲ್ಲಿ ಲಿಫ್ಟ್ ಇದೆ" ಎಂದು ಶುರುವಾಯಿತು.

ಅಪ್ಪ ಕಾಫಿ ಕದಡುತ್ತ, ಕದಡುತ್ತ:
"ನೆಲ ಅಲುಗುತ್ತದೆಯೇ ಅಲ್ಲಿ?"
"ಇಲ್ಲಪ್ಪ."
"ಮತ್ತೆ ನಿದ್ದೆ ಹೇಗೆ ಬರುತ್ತದೆ?"

"ಕಿಟಕಿಯಿಂದ ನದಿ ಕಾಣುತ್ತದೆ."
"ಕಾಣುವುದಕ್ಕೇನು. ಜೈಲಿನಿಂದಲೂ ಆಕಾಶ ಕಾಣುತ್ತದೆ."

"ಸ್ವಲ್ಪ ದಿನ ಇದ್ದು ನೋಡಿ, ಒಗ್ಗಿಹೋಗುತ್ತದೆ" ಎಂದೆ.
ಎಂದವಳೇ ನಾಲಿಗೆ ಕಚ್ಚಿಕೊಂಡೆ.
ಅದು ಅಪ್ಪನ ಮಾತು. ಅಕ್ಷರವೂ ಬದಲಿಲ್ಲ.
ನನಗಾಗ ಆರೂವರೆ. ದೋಣಿಯವರ ಮಕ್ಕಳ ವಸತಿಶಾಲೆ,
ಮೆಟ್ಟಿಲ ಮೇಲೆ ಕಂದು ಸೂಟ್‌ಕೇಸು,
ಸಾಬೂನು ವಾಸನೆಯ ಸಿಸ್ಟರ್ ನನ್ನ ಕೈ ಹಿಡಿದಿದ್ದರು.
ಶುಕ್ರವಾರ ಬರುತ್ತೇವೆ ಎಂದಿದ್ದರು ಇಬ್ಬರೂ.
ಆ ಶುಕ್ರವಾರ ಮಂಜು ಕವಿದು
ದೋಣಿ ಕೊಬ್ಲೆನ್ಸಿನಲ್ಲೇ ನಿಂತಿತ್ತು.

ಯಾರೂ ಅದನ್ನು ಹೇಳಲಿಲ್ಲ.
ಕೆಳಗೆ ನೀರು ಕಬ್ಬಿಣವನ್ನು ಚಪ್ಪರಿಸುವ ಸದ್ದು.
ಅಪ್ಪ ತಟ್ಟೆಯಲ್ಲಿನ ಕೇಕಿನ ಪುಡಿಯನ್ನು
ಬೆರಳಿಂದ ಒತ್ತಿ ಒತ್ತಿ ತಿಂದ.

ಆಗ ಅಮ್ಮ, ಅಷ್ಟು ಹೊತ್ತೂ ಸುಮ್ಮನಿದ್ದ ಅಮ್ಮ:
"ನಾನು ಹೆಸರು ಕೊಟ್ಟಾಗಿದೆ. ಈಸ್ಟರಿಗೆ ಮೊದಲೇ.
ಪಟ್ಟಿಯಲ್ಲಿ ಹದಿನಾಲ್ಕನೆಯವರಿದ್ದೆವು, ಈಗ ಮೂರು."
ನಡುವಿನ ಹನ್ನೊಂದು ಜನ ಏನಾದರೆಂದು
ಕೇಳುವ ಧೈರ್ಯ ನಮಗಿರಲಿಲ್ಲ.
"ನೀನೇ ಬಂದು ಹೇಳಲಿ ಅಂತ ಕಾಯುತ್ತಿದ್ದೆ, ಲೀವ್ಕೆ.
ಬೈಸಿಕೊಂಡರೆ ನೀನು ರಾತ್ರಿ ರೈಲು ಹತ್ತುತ್ತೀ.
ನಾನು ಇವರ ಪಕ್ಕ ಮಲಗಬೇಕಲ್ಲ."

"ವಿಲ್ಲೆಮೀನ್," ಎಂದ ಅಪ್ಪ. ಅಷ್ಟೇ.
ಪೂರ್ತಿ ಹೆಸರು ಹಿಡಿದು ಅವನು ಕರೆದದ್ದು
ನಾನು ಕೇಳಿದ್ದು ಎರಡೇ ಸಲ.

ಅಮ್ಮ ಗೋಡೆ ಹಿಡಿದು ಎದ್ದು ಬಿಸ್ಕತ್ತಿನ ಡಬ್ಬಿ ತಂದಳು.
ಗುಂಡಿ, ದಾರ, ತುಕ್ಕು ಹಿಡಿದ ಸೂಜಿಗಳು;
ತಳದಲ್ಲಿ ಬಿಳಿ ಬಟ್ಟೆಪಟ್ಟಿಯ ಸುರುಳಿ, ಕೆಂಪಕ್ಷರ:
ಎಲ್. ಕೂಮನ್ಸ್ ಎಲ್. ಕೂಮನ್ಸ್ ಎಲ್. ಕೂಮನ್ಸ್.
ನನ್ನ ಕಾಲುಚೀಲಕ್ಕೂ ಲಂಗಕ್ಕೂ ಹೊಲಿದು ಮಿಕ್ಕದ್ದು.
"ಅಲ್ಲೂ ಎಲ್ಲರ ಬಟ್ಟೆ ಒಟ್ಟಿಗೆ ಒಗೆಯುತ್ತಾರಂತೆ,
ಗುರುತು ಬೇಕಂತೆ. ಲಾಂಬರ್ಟನಿಗೆ ಇದೇ ಆಗುತ್ತದೆ.
ನನ್ನದು ಹೊಸದಾಗಿ ಬರೆಸಬೇಕು."

ಸೂಜಿಗೆ ದಾರ ಅವಳಿಂದ ಪೋಣಿಸಲಾಗಲಿಲ್ಲ.
ನನಗೆ ಕೊಟ್ಟಳು. ನಾನೂ ಕನ್ನಡಕ ಹುಡುಕಬೇಕಾಯಿತು.

ಅಪ್ಪ ಕೋಟು ಹಾಕಿಕೊಂಡ.
"ನೀರು ಒಂದು ಗೇಣು ಏರಿದೆ, ಹಗ್ಗ ಸಡಿಲಿಸಬೇಕು."
ಏರಿರಲಿಲ್ಲ.
ಬಾಗಿಲಲ್ಲಿ ನಿಂತು, ಯಾರ ಕಡೆಗೂ ನೋಡದೆ,
"ಟಾರ್ಚು ಹಿಡಿಯುವವರು ಯಾರು?"

ನಾನು ಹಿಡಿದೆ.
ಗಂಟು ಬಿಚ್ಚಿದ. ಬಹಳ ಹೊತ್ತು ಹಗ್ಗದ ತುದಿ
ಅಂಗೈಯಲ್ಲಿಟ್ಟುಕೊಂಡು ನಿಂತಿದ್ದ.
ಆಮೇಲೆ ಅದೇ ಗೂಟಕ್ಕೆ, ಅದೇ ಗಂಟು,
ಅಷ್ಟೇ ಬಿಗಿ.