ಮೂರಿಂಚು

ಗುತ್ತಲು ರಸ್ತೆಯಲ್ಲಿ ಮುಕ್ತಿಯಾರ್ ಭಾಯಿಯ ಶೆಡ್ಡು.
ಗೋಡೆಗೊರಗಿದ ಹಳೇ ಕಮಾನು ಪಟ್ಟಿಗಳು
ಎಷ್ಟೋ ಲಾರಿಗಳ ಬೆನ್ನಿಂದ ಇಳಿದವು,
ಇಳಿದ ಮೇಲೂ ಬಾಗಿಯೇ ಇವೆ.
ಪಿಕಪ್ಪು ನಿಲ್ಲಿಸಿ ಹೇಳಿದೆ:
ಎತ್ತರಿಸಬೇಕು.

ಎಷ್ಟು?
ಮೂರಿಂಚು, ಅಂದುಬಿಟ್ಟೆ.
ಮದ್ದೂರಿನ ಎಳನೀರು ಮಂಡಿಯಲ್ಲಿ
ಹಲಗೂರಿನ ಹುಡುಗನ ಗಾಡಿ ನೋಡಿದ್ದೆ,
ಕೊಕ್ಕರೆ ಹಾಗೆ ನಿಂತಿತ್ತು, ಹಲ್ಲು ಹಲ್ಲು ಟೈರಿನ ಮೇಲೆ.
ಪಕ್ಕದಲ್ಲಿ ನನ್ನದು
ಕಾವಿಗೆ ಕೂತ ಕೋಳಿ.

ಅವನು ಗೋಣಿ ಹಾಸಿ ಗಾಡಿಯಡಿ ನುಸುಳಿದ.
"ಬಾ, ತಗಲ್ತಿರೋದೇನು ಅಂತ ನೋಡು."
ನಾನೂ ಮಲಗಿದೆ. ತಾರಸಿಯಲ್ಲಿ ನಕ್ಷತ್ರ ನೋಡುವವರಂತೆ
ಇಬ್ಬರೂ ನೋಡಿದ್ದು ಗ್ರೀಸು, ಒಣಗಿದ ಕೆಸರು,
ಹಿಂದಿನ ಅಚ್ಚಿನ ಗುಂಡು ಹೊಟ್ಟೆ,
ಹೊಟ್ಟೆ ಮೇಲೆ ಬೆಳ್ಳಗೆ ಹೊಳೆವ ಗೀರು.
ನಾಲೆ ಏರಿಯಿಂದ ತೋಟಕ್ಕೆ ತಿರುಗುವಲ್ಲಿ
ಕಬ್ಬಿನ ಟ್ರ್ಯಾಕ್ಟರುಗಳು ಎರಡೂ ಬದಿ ಅಗೆದು
ನಡುವೆ ಬಿಟ್ಟುಹೋದ ದಿಂಡಿನ ಕೈಬರಹ.

"ಕಮಾನು ಏರಿಸಿದ್ರೆ ಮೈ ಏಳ್ತದೆ, ಅಚ್ಚು ಏಳಲ್ಲ.
ಅದು ಟೈರಿನ ಮಗ, ಟೈರು ಬೆಳೆದ್ರೇನೇ ಬೆಳೀತದೆ.
ಅದ್ರಲ್ಲೂ ಅರ್ಧಾನೇ.
ಇಂಚು ದೊಡ್ಡದು ಹಾಕಿದ್ರೆ ಅರ್ಧ ಇಂಚು ನೆಲದಲ್ಲಿ ಲಾಭ,
ಇನ್ನರ್ಧ ಮೇಲೋಗಿ ಮಡ್‌ಗಾರ್ಡ್ ಜೊತೆ ಜಗಳ."

ಹದಿನಾಲ್ಕು ವರ್ಷ ಓಡಿಸಿದ್ದೇನೆ.
ಯಾರೂ ಹೇಳಿರಲಿಲ್ಲ.

ಆದರೂ ಕೊಕ್ಕರೆ ತಲೆಯಿಂದ ಇಳಿಯಲೊಲ್ಲದು.
ಮಾರನೇ ದಿನ ತೋಟದಲ್ಲಿ, ಯಾರಿಗೂ ಹೇಳದೆ,
ಮೂರಿಂಚಿನ ಮರದ ತುಂಡೆರಡು
ಹಿಂದಿನ ಚಕ್ರಗಳಿಗೆ ಕೊಟ್ಟು ನಿಲ್ಲಿಸಿದೆ.
ದೂರ ಹೋಗಿ ನೋಡಿದೆ. ಇನ್ನೂ ವಸಿ ದೂರ ಹೋಗಿ ನೋಡಿದೆ.
ಚೆಂದವೇ.

ಹೊಂಬಾಳಮ್ಮ ಮೊದಲ ಗೊನೆ ಎತ್ತಿದಳು.
ಸೊಂಟಕ್ಕೆ, ಸೊಂಟದಿಂದ ಒಂದೇ ಉಸಿರಿಗೆ ಹಲಗೆಗೆ.
ಈ ತೋಟದಲ್ಲಿ ಕಣ್ಣುಮುಚ್ಚಿ ನಡೆವ ಕೆಲಸ ಅದು.
ಗೊನೆ ಎದೆಯ ಹತ್ತಿರ ತಡೆಯಿತು.
ಗದ್ದ ಕೊಟ್ಟು ದೂಡಿದಳು.
ಎರಡನೆಯದಕ್ಕೆ ತುದಿಗಾಲಲ್ಲಿ ನಿಂತಳು.
ಮೂರನೆಯದನ್ನು ಕೆಳಗಿಟ್ಟು, ಮಂಡಿಯೂರಿ
ಚಕ್ರದಡಿ ಇಣುಕಿದಳು:
"ಯಾಕ್ಲಾ, ಗಾಡಿಗೆ ಹೈಹೀಲ್ಡು ಹಾಕ್ಸಿದ್ದೀಯ?"

ತೋಟವೆಲ್ಲ ನಕ್ಕಿತು. ಕೊಯ್ಯುವವನು ಮರದ ಮೇಲಿಂದ ನಕ್ಕ,
ಬೀಳುತ್ತಾನೇನೋ ಅನ್ನುವಷ್ಟು.

ರಾತ್ರಿ ಲೆಕ್ಕ ಹಾಕಿದೆ.
ದಿನಕ್ಕೆ ಅವಳ ಪಾಲಿಗೆ ನೂರು ಗೊನೆ.
ನೂರು ಸಲ ಮೂರಿಂಚು, ಇಪ್ಪತ್ತೈದು ಅಡಿ,
ನಮ್ಮ ಬದುವಿನ ಗಿಡ್ಡ ತೆಂಗಿನಷ್ಟು.
ನನ್ನ ಶೋಕಿಗೆ ಅವಳು ದಿನಾ
ಗೊನೆ ಹೊತ್ತು ಆ ಮರ ಹತ್ತಬೇಕಿತ್ತು.

ಮತ್ತೆ ಗುತ್ತಲು ರಸ್ತೆ. ಟೈರಿನಂಗಡಿ.
ಹೊಸ ರಬ್ಬರಿನ ವಾಸನೆ ಹಳೇ ಸಾಲದಂತೆ ಮೂಗಿಗೆ ಹತ್ತುತ್ತದೆ.
ಇದು ಕೆಸರಿಗೆ: ಟಾರು ರಸ್ತೆಯಲ್ಲಿ ದುಂಬಿಯಂತೆ ಕೊರೆಯುತ್ತೆ,
ಡೀಸೆಲ್ಲಿಗೆ ಬಾಯಿ ಹಾಕುತ್ತೆ.
ಇದು ಟಾರಿಗೆ: ಗದ್ದೆ ಬದಿ ಬಂತೆಂದರೆ ಸೋಪಿನ ಬಿಲ್ಲೆ.
ನಡುವಿನದೊಂದಿತ್ತು, ಯಾರೂ ತಿರುಗಿ ನೋಡದ ಮುಖ.
ಇನ್ನೂರ ಹದಿನೈದರ ಜಾಗಕ್ಕೆ ಇನ್ನೂರ ಮೂವತ್ತೈದು.
ಭಾಯಿ ಮುರಿದಿದ್ದ ಮೂರನೇ ಪಟ್ಟಿಯನ್ನಷ್ಟೇ ಬದಲಿಸಿದ,
ಯು-ಬೋಲ್ಟು ಬಿಗಿದು ಕೈ ಒರೆಸಿಕೊಂಡ:
"ನೂರು ಕಿಲೋಮೀಟ್ರು ಓಡಿಸ್ಕೊಂಡು ಬಾ, ಇನ್ನೊಂದ್ಸಲ ಬಿಗೀತೀನಿ."

ಗಾಡಿ ಎದ್ದದ್ದು ಒಂದು ಬೆರಳು.
ಮಂಡಿಯಲ್ಲಿ ಯಾರಿಗೂ ಕಾಣಿಸಲಿಲ್ಲ.
ಮಿಕ್ಕಿದ್ದಕ್ಕೆ ಒಂದು ಭಾನುವಾರ ಗುದ್ದಲಿ ಹಿಡಿದು
ತಿರುವಿನ ದಿಂಡು ಕೆತ್ತಿದೆ. ಅಲ್ಲಲ್ಲಿ
ಅಲ್ಯೂಮಿನಿಯಂ ಬಣ್ಣ ಹತ್ತಿದ ಕಲ್ಲುಗಳಿದ್ದವು,
ನನ್ನ ಗಾಡಿಯದೋ, ಬೇರೆಯವರದೋ.

ಹೊಂಬಾಳಮ್ಮ ಬಂದು ಹಲಗೆಗೆ ಸೊಂಟ ಕೊಟ್ಟು ಅಳೆದಳು.
ಏನೂ ಅನ್ನಲಿಲ್ಲ.
ಆಮೇಲೆ ಹೊಸ ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು
ಅದರ ಸಣ್ಣ ರಬ್ಬರು ಮೀಸೆಗಳನ್ನು
ಒಂದೊಂದಾಗಿ ಕೀಳತೊಡಗಿದಳು,
ಎಲಡಿಕೆ ಅಗಿಯುತ್ತಾ,
ಮೊಮ್ಮಗನ ತಲೆ ನೋಡುವಾಗಿನ ಗಮನದಲ್ಲಿ.