ಎಡದಿಂದ ಮೂರನೆಯದು

ಗಂಟೆ ಎರಡೂ ಕಾಲು. ದಕ್ಕೆಯ ಐಸ್ ಪ್ಲಾಂಟಿನ ಸರ್ವರು
ಕರೆಂಟು ಹೋಗಿ ಬಂದ ಮೇಲೆ ಏಳಲೇ ಇಲ್ಲ.
ಏಳಲಿಲ್ಲ ಅಂದರೆ ಪೂರ್ತಿ ನಿಜವಲ್ಲ. ಎದ್ದು ಕೂತಿದೆ,
ಚಾಪೆ ಮಡಚಿಲ್ಲ, ಅಷ್ಟೆ.

ನಾನು ಕುಲಶೇಖರದ ಗುಡ್ಡದ ಮೇಲೆ,
ಬಲಗಾಲು ಪ್ಲಾಸ್ಟರಿನಲ್ಲಿ, ಲ್ಯಾಪ್‌ಟಾಪು ದಿಂಬಿನ ಮೇಲೆ.
ಬಡಿದೆ. ಉತ್ತರವಿಲ್ಲ. ಮತ್ತೆ ಬಡಿದೆ.
ಒಳಗಿನವರೆಲ್ಲ ಎದ್ದ ಮೇಲೆಯೇ
ಬಾಗಿಲ ಚಿಲಕ ತೆಗೆಯುವುದು ಅಲ್ಲಿನ ಕ್ರಮ.
ನಾನು ಒಳಗೆ ಹೋಗದೆ ಅದು ಏಳುವುದಿಲ್ಲ,
ಅದು ಏಳದೆ ನಾನು ಒಳಗೆ ಹೋಗುವ ಹಾಗಿಲ್ಲ.
ಈ ಗಂಟು ಕಟ್ಟಿದವಳೂ ನಾನೇ ಇರಬೇಕು,
ಸಂಬಳ ಬರುವುದು ನನಗೇ ತಾನೆ.

ಕೊನೆಗೆ ವಾಚ್‌ಮನ್ ಹಮ್ಮಬ್ಬರಿಗೆ ಫೋನು.
"ಇಂಗ್ಲಿಷು ನನಗೆ ಬರುದಿಲ್ಲ ಬಾಯಮ್ಮ."
"ಓದುವುದು ಬೇಡ. ಕಂಡದ್ದು ಹೇಳಿ."

ಕಪ್ಪು ಪರದೆ. ಅಡಿಯಲ್ಲಿ ಒಂದೇ ಸಾಲು.
ಸಾಲಿನ ಮೊದಲಿಗೆ ಮೂರು ಕೆಂಪು ಚುಕ್ಕಿ,
"ಆಚೆ ಹೋಗ್ತದೆ, ಈಚೆ ಬರ್ತದೆ, ಬುಟ್ಟಿಗೆ ಹಾಕಿದ ಏಡಿಯ ಹಾಗೆ.
ಹತ್ತಲಿಕ್ಕೆ ಆಗುದಿಲ್ಲ, ನಿಲ್ಲುದೂ ಇಲ್ಲ."

ಸಾಲಿನ ಕೊನೆಗೆ?

"ಒಂದು ನಂಬ್ರ ಓಡ್ತಾ ಉಂಟು. ಮತ್ತೆ ಗೇಟಿನ ಹಾಗೆ ಎರಡು ಕಾಲು.
ಒಂದು ಸೊನ್ನೆ. ಒಂದು ಕಡ್ಡಿ. ಟೊಪ್ಪಿ ಇಟ್ಟ ಕಡ್ಡಿ.
ಮೂರು ಕಾಲಿನ ಸ್ಟೂಲು. ಪುನಃ ಟೊಪ್ಪಿಯ ಕಡ್ಡಿ.
ಕಡೆಗೆ ಒಂದು ಶಿಲುಬೆ, ನಿಮ್ಮದು."

ಹೊದಿಕೆಯ ಮೇಲೆ ಬೆರಳಲ್ಲಿ ಬರೆದು ನೋಡಿದೆ:
ಮಿತಿಯಿಲ್ಲ.
ಎಷ್ಟು ಹೊತ್ತಾದರೂ ಕಾಯುತ್ತದಂತೆ.

ಯಾರಿಗೆ?

ಎರಡು ಶನಿವಾರದ ಹಿಂದೆ
ಪರೀಕ್ಷೆ ಮಾಡಿ ತರುತ್ತೇನೆಂದು ಬಿಚ್ಚಿ ತಂದ ಡಿಸ್ಕು
ನನ್ನ ಮಂಚದ ಪಕ್ಕದಲ್ಲೇ ಇತ್ತು.
ಅದರ ಮೇಲೆ ಜೀರಿಗೆ ಕಷಾಯದ ಲೋಟ,
ಲೋಟದ ಅಡಿಗೆ ಉಂಗುರದಂಥ ಕಲೆ.
ಡಿಸ್ಕು ತೆಗೆದವಳು
ಪಟ್ಟಿಯಿಂದ ಅದರ ಹೆಸರು ತೆಗೆದಿರಲಿಲ್ಲ.

ಹಮ್ಮಬ್ಬರಿಗೆ ಇದನ್ನು ಹೇಳಲಿಲ್ಲ.
ಅವರ ಬೆನ್ನ ಹಿಂದೆ ಬೋಟುಗಳು ಬರತೊಡಗಿದ್ದವು,
ಯಾರೋ ತುಳುವಿನಲ್ಲಿ ಐಸಿಗೂ ಐಸಿನವರ ಅಪ್ಪನಿಗೂ ಬೈಯುತ್ತಿದ್ದರು.
ಚೀಟಿ ಮುದ್ರಣವಾಗದೆ ಒಂದು ಗಡ್ಡೆಯೂ ಹೊರಗೆ ಬೀಳದು.
ಬಂಗುಡೆಗೆ ಕಾದು ಗೊತ್ತಿಲ್ಲ.

"ಬಟನ್ ಒತ್ತಿ ಹಿಡಿಯಿರಿ. ಹತ್ತು ಎಣಿಸಿ. ಬಿಡಿ. ಪುನಃ ಒತ್ತಿ.
ಪಟ್ಟಿಯೊಂದು ಬಂದ ಕೂಡಲೇ
ಅಕ್ಷರದ ಮೇಲಿನ ಸಾಲು, ಎಡದಿಂದ ಮೂರನೆಯದು."

ಮೊದಲ ಸಲ ತಪ್ಪಿತು. ಮತ್ತೆ ಅದೇ ಏಡಿ.
"ಬಲದಿಂದ ಎಣಿಸಿದೆ" ಅಂದರು. "ಮದ್ರಸದ ಅಭ್ಯಾಸ."

ಎರಡನೇ ಸಲ ಎಡದಿಂದಲೇ.
ಆಮೇಲೆ ಎಂಟು ಕೀಲಿ, ಒಂದೊಂದಾಗಿ:
ನಡುಸಾಲಿನ ನಾಲ್ಕನೆಯದು, ಅದೇ ಸಾಲಿನ ಎರಡನೆಯದು,
ಮೇಲಿನ ಸಾಲಿನ ಐದನೆಯದು
("ಹೋ, ಶಿಲುಬೆ! ಇದರದ್ದು ತಲೆ ಸವೆದು ಹೋಗಿದೆ")
ಪ್ರತಿ ಒತ್ತಿಗೂ ಮೊದಲು ಉಸಿರು ನಿಲ್ಲುವುದು ನನಗೆ ಕೇಳಿಸುತ್ತಿತ್ತು.
ಮೂವತ್ತು ವರ್ಷ ಮೀನಿನ ಪೆಟ್ಟಿಗೆಗೆ ನಂಬ್ರ ಬರೆದ ಕೈ,
ತಪ್ಪಿದರೆ ಯಾರ ಮೀನು ಯಾರ ಲಾರಿಗೆ ಹೋಗುತ್ತದೆಂದು ಬಲ್ಲ ಕೈ.

ಎಂಟು ಕೀಲಿಯ ಅರ್ಥ ಇಷ್ಟೆ:
ಪಟ್ಟಿ ನೋಡಬೇಡ. ಇದ್ದುದರಲ್ಲಿ ಏಳು.

ಬಡಿದೆ.
ಪಾಸ್‌ವರ್ಡ್ ಯಾವುದು ಎಂದು ಕೇಳಿತು,
ರಾತ್ರಿಯಿಡೀ ಏನೂ ಆಗದವರ ಹಾಗೆ.

ಒಳಗೆ ಹೋಗಿ ಆ ಒಂದು ಸಾಲು ಅಳಿಸಿದೆ.
ಲೋಟ ಎತ್ತಿ ಕಿಟಕಿಯಲ್ಲಿಟ್ಟೆ.
ಡಿಸ್ಕನ್ನು ಸೆರಗಿನಿಂದ ಒರೆಸಿದೆ, ಯಾಕೆಂದು ಗೊತ್ತಿಲ್ಲ.

"ಎಂತ ಆದದ್ದು ಬಾಯಮ್ಮ?"
"ಒಂದು ಸಾಮಾನು ಬರಲಿಲ್ಲ ಅಂತ ಕಾಯ್ತಾ ಇತ್ತು."
"ಯಾರು ತೆಗೆದದ್ದು?"

ಅಷ್ಟರಲ್ಲಿ ಜಾರುಹಲಗೆಯಿಂದ ಮೊದಲ ಗಡ್ಡೆ
ಧಡ್ ಎಂದು ಬಿತ್ತು.
"ಕೇಳಿತಾ?" ಅಂದರು.
"ಕೇಳಿತು" ಅಂದೆ.